ಶಾಸ್ತ್ರಲೇಖನದಲ್ಲಿ ವಿಧ್ಯರ್ಥದ ಬಳಕೆ: ಒಂದು ವಿಮರ್ಶೆ

೧

ಕಳೆದ ವರ್ಷ ವಿಜ್ಞಾನ ವಿಭಾಗದ ಸಹೋದ್ಯೋಗಿಯೊಬ್ಬರು ತಾವು ಸಿದ್ಧಪಡಿಸುತ್ತಿದ್ದ ಕನ್ನಡ ಪ್ರಯೋಗ ಕೈಪಿಡಿಯ ಹಸ್ತಪ್ರತಿಯನ್ನು ನನ್ನ ಕೈಗಿತ್ತು, ಅದರ ಭಾಷೆಯನ್ನು ನೋಡಿಕೊಡಬೇಕೆಂದು ಕೇಳಿದರು. ಇತಿಹಾಸವನ್ನು ಬೋಧಿಸುವವನಿಗೆ ರಸಾಯನಶಾಸ್ತ್ರದ ಬರಹವನ್ನು ತಿದ್ದುವ ಅಧಿಕಾರವೆಲ್ಲಿಯದು ಎಂದು ಮೊದಲು ಹಿಂಜರಿದೆನಾದರೂ, ಅವರ ಒತ್ತಾಯಕ್ಕೆ ಮಣಿದು ಒಪ್ಪಿಕೊಂಡೆನು. ಕೈಪಿಡಿಯ ಜೊತೆಗೆ, ವಿದ್ಯಾರ್ಥಿಯೊಬ್ಬನ ಪ್ರಯೋಗ ದಾಖಲೆಯ ಪುಸ್ತಕವನ್ನೂ ಅವರು ಮಾದರಿಗಾಗಿ ಇರಿಸಿದ್ದರು. ಎರಡನ್ನೂ ಅಕ್ಕಪಕ್ಕದಲ್ಲಿ ತೆರೆದಿಟ್ಟು ಓದುತ್ತಿರುವಾಗ ಒಂದು ವಿಚಿತ್ರವು ಕಣ್ಣಿಗೆ ಬಿದ್ದಿತು. ಕೈಪಿಡಿಯಲ್ಲಿ, ‘ಲವಣವನ್ನು ನೀರಿನಲ್ಲಿ ಕರಗಿಸಿ, ಕಾಯಿಸಿ, ಸೋಸಿ’ ಎಂದಿತ್ತು. ವಿದ್ಯಾರ್ಥಿಯ ದಾಖಲೆಯಲ್ಲಿಯೂ ಅಕ್ಷರ ತಪ್ಪದಂತೆ, ‘ಲವಣವನ್ನು ನೀರಿನಲ್ಲಿ ಕರಗಿಸಿ, ಕಾಯಿಸಿ, ಸೋಸಿ’ ಎಂದೇ ಇತ್ತು.

ಕೈಪಿಡಿಯ ವಾಕ್ಯವು ಆಜ್ಞೆ, ಅದರಲ್ಲಿ ಸಂದೇಹವಿಲ್ಲ. ದಾಖಲೆಯ ವಾಕ್ಯವು ಏನು? ವಿದ್ಯಾರ್ಥಿಯು ತಾನು ಕರಗಿಸಿದೆನೆಂದು ಹೇಳುತ್ತಿರುವನೋ, ಅಥವಾ ಕರಗಿಸಬೇಕೆಂಬ ಅಪ್ಪಣೆಯನ್ನು ನಕಲು ಮಾಡಿಕೊಂಡಿರುವನೋ? ನಮ್ಮ ವ್ಯಾಕರಣವು ಇಲ್ಲಿ ಉತ್ತರವನ್ನು ಕೊಡುವುದಿಲ್ಲ. ‘ಕರಗಿಸಿ’ ಎಂಬುದು ‘ನೀವು ಕರಗಿಸಿರಿ’ ಎಂಬ ವಿಧಿಯೂ ಹೌದು, ‘ಕರಗಿಸಿದ ತರುವಾಯ’ ಎಂಬರ್ಥದ ಕೃದಂತಾವ್ಯಯವೂ ಹೌದು. ‘ಬೆರೆಸಿ’, ‘ತೂಗಿ’, ‘ಹಾಕಿ’, ‘ಸೋಸಿ’ ಇವೆಲ್ಲವೂ ಹಾಗೆಯೇ. ‘ಅಳೆ’, ‘ತೆಗೆ’, ‘ಇಡು’ ಮೊದಲಾದ ಧಾತುಗಳಲ್ಲಿ ಮಾತ್ರ ‘ಅಳೆದು’, ‘ಅಳೆಯಿರಿ’ ಎಂದು ರೂಪಗಳು ಬೇರೆಯಾಗಿ, ಮಾಡಿದ್ದಕ್ಕೂ ಮಾಡಬೇಕಾದುದಕ್ಕೂ ಅಂತರವು ಉಳಿಯುತ್ತದೆ. ಪ್ರಯೋಗಶಾಲೆಯ ದಿನಬಳಕೆಯ ಕ್ರಿಯಾಪದಗಳಲ್ಲಿ ಬಹುಪಾಲು ಮೊದಲನೆಯ ಗುಂಪಿಗೆ ಸೇರಿದವು.

ಇದನ್ನು ಕಾಗುಣಿತದ ಮಟ್ಟದ ಸಣ್ಣ ವಿಷಯವೆಂದು ಭಾವಿಸಿ ಮುಂದೆ ಸಾಗಬಹುದಾಗಿತ್ತು. ಆದರೆ ಇದೇ ಬಗೆಯ ಗೊಂದಲದಿಂದ ನಾನೇ ಒಮ್ಮೆ ಪೆಟ್ಟು ತಿಂದಿದ್ದೆನಾದ್ದರಿಂದ ಸುಮ್ಮನಿರಲಾಗಲಿಲ್ಲ. ಎಂ.ಎ. ಪದವಿಗಾಗಿ ಬರೆದ ಪ್ರಬಂಧದಲ್ಲಿ, ಚಾವುಂಡರಾಯನ ‘ಲೋಕೋಪಕಾರ’ವನ್ನು ಆಧರಿಸಿ, ಹನ್ನೊಂದನೆಯ ಶತಮಾನದ ಕನ್ನಡ ನಾಡಿನ ರೈತರು ಗಿಡಮರಗಳಿಗೆ ಇಂತಿಂತಹ ಉಪಚಾರಗಳನ್ನು ‘ಮಾಡುತ್ತಿದ್ದರು’ ಎಂದು ಪುಟಗಟ್ಟಲೆ ಬರೆದಿದ್ದೆನು. ಪರೀಕ್ಷಕರು ಪ್ರತಿಯೊಂದು ‘ಮಾಡುತ್ತಿದ್ದರು’ವಿಗೂ ಸೀಸದ ಕಡ್ಡಿಯಿಂದ ಸುತ್ತುಗೆರೆ ಎಳೆದು, ಅಂಚಿನಲ್ಲಿ ‘ಯಾರು?’ ಎಂಬ ಒಂದೇ ಪದವನ್ನು ಬರೆದಿದ್ದರು. ಗ್ರಂಥದಲ್ಲಿ ಇದ್ದುದು ಮಾಡಬೇಕೆಂಬ ವಿಧಿ; ಪ್ರಬಂಧದಲ್ಲಿ ಅದು ಮಾಡುತ್ತಿದ್ದರೆಂಬ ವೃತ್ತಾಂತವಾಗಿತ್ತು. ಮಾರ್ಪಾಟು ಆದದ್ದು ನನ್ನ ಗಮನಕ್ಕೇ ಬಂದಿರಲಿಲ್ಲ.

ಶಾಸ್ತ್ರಬರಹದಲ್ಲಿ ವಿಧ್ಯರ್ಥವು ಯಾವ ಕಾರ್ಯಕ್ಕೆ ತಕ್ಕುದು, ಯಾವುದಕ್ಕೆ ತಕ್ಕುದಲ್ಲ ಎಂಬುದನ್ನು ಕೆಲವು ಹಳೆಯ ಹೊಸ ಉದಾಹರಣೆಗಳಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ. ಬರೆಯುವವರಿಗೆ ಎಷ್ಟೋ, ಹಳೆಯ ಬರಹವನ್ನು ಓದಿ ಇತಿಹಾಸವನ್ನು ಕಟ್ಟುವ ನಮಗೂ ಅಷ್ಟೇ ಇದು ಸಂಬಂಧಿಸಿದ ವಿಚಾರವೆಂದು ನನ್ನ ನಂಬಿಕೆ.

೨

ವಿಧಿವಾಕ್ಯದ ಸ್ವಭಾವವನ್ನು ಕುರಿತು ನಮ್ಮ ದೇಶದಲ್ಲಿ ನಡೆದಷ್ಟು ಸೂಕ್ಷ್ಮವಾದ ಚರ್ಚೆಯು ಬೇರೆ ಕಡೆ ನಡೆದಿರುವುದು ವಿರಳ. ಮೀಮಾಂಸಕರು ವೇದವಾಕ್ಯಗಳನ್ನು ವಿಂಗಡಿಸುವಾಗ ವಿಧಿಯನ್ನು ಬೇರೆಯಾಗಿಯೂ, ಸ್ತುತಿನಿಂದೆಗಳ ಮೂಲಕ ವಿಧಿಗೆ ಪುಷ್ಟಿಕೊಡುವ ಅರ್ಥವಾದವನ್ನು ಬೇರೆಯಾಗಿಯೂ ಇರಿಸಿದರು. ಮಾಡತಕ್ಕ ಕಾರ್ಯವನ್ನು ತಿಳಿಸುವುದು ವಿಧಿ. ನಡೆದುಹೋದ ಸಂಗತಿಯನ್ನು ತಿಳಿಸುವುದು ಅದರ ಕೆಲಸವಲ್ಲ. ವಾಕ್ಯಾರ್ಥವೆಲ್ಲವೂ ಕಾರ್ಯಪರವೆಂದು ಪ್ರಾಭಾಕರರು ವಾದಿಸಿದರೆ, ಭಾಟ್ಟರು ಅದನ್ನು ಅಷ್ಟು ದೂರ ಒಪ್ಪಲಿಲ್ಲ. ಈ ವಾದದ ಜಟಿಲತೆಗೆ ಇಲ್ಲಿ ಪ್ರವೇಶಿಸಬೇಕಾದುದಿಲ್ಲ. ನಮಗೆ ಬೇಕಾದ ಅಂಶವು ಸರಳವಾದುದು: ‘ನೀರನ್ನು ಕಾಯಿಸಿರಿ’ ಎಂಬ ವಾಕ್ಯವನ್ನು ಕೇಳಿದವನು ‘ಅದು ಸುಳ್ಳು’ ಎನ್ನಲಾರನು. ‘ನೀರನ್ನು ಕಾಯಿಸಿದೆನು’ ಎಂಬ ವಾಕ್ಯಕ್ಕೆ ಮಾತ್ರ ಸತ್ಯಾಸತ್ಯದ ಪ್ರಶ್ನೆಯು ಹತ್ತುತ್ತದೆ. ವಿಧಿಯನ್ನು ಪಾಲಿಸಬಹುದು, ಬಿಡಬಹುದು; ಹೇಳಿಕೆಯನ್ನು ನಂಬಬಹುದು, ಅಲ್ಲಗಳೆಯಬಹುದು. ಒಂದನ್ನು ಬರೆದವನು ಓದುಗನಿಗೆ ಕೆಲಸವನ್ನು ಒಪ್ಪಿಸುತ್ತಾನೆ. ಇನ್ನೊಂದನ್ನು ಬರೆದವನು ತಾನೇ ಸಾಕ್ಷಿಯಾಗಿ ನಿಲ್ಲುತ್ತಾನೆ.

ಕನ್ನಡದಲ್ಲಿ ವಿಧ್ಯರ್ಥಕ್ಕೆ ಒಂದೇ ಮುಖವಿಲ್ಲ. ‘ಮಾಡು’ ಎಂಬಲ್ಲಿ ಗುರುವೂ ಶಿಷ್ಯನೂ ಇದಿರುಬದಿರಾಗಿ ಕುಳಿತಿರುತ್ತಾರೆ. ‘ಮಾಡಿರಿ’ ಎಂಬಲ್ಲಿ ಗೌರವವಿದೆ, ದೂರವೂ ಇದೆ. ‘ಮಾಡಲಿ’, ‘ಇರಲಿ’ ಎಂದಾಗ ಆಜ್ಞೆಯು ಇದಿರಿಗಿರುವವನನ್ನು ಬಿಟ್ಟು ಪ್ರಥಮಪುರುಷಕ್ಕೆ ಸಲ್ಲುತ್ತದೆ. ‘ಮಾಡೋಣ’ ಎಂದಾಗ ಬರೆಯುವವನೂ ಓದುವವನೂ ಒಂದೇ ಪಂಕ್ತಿಯಲ್ಲಿ ಕೂರುತ್ತಾರೆ. ಇವುಗಳ ಜೊತೆಗೆ ಕಚೇರಿಯ ‘ಮಾಡತಕ್ಕದ್ದು’, ಮನೆಯ ‘ಮಾಡಬೇಕು’ ಬೇರೆ. ಹಳಗನ್ನಡದಲ್ಲಿಯೂ ಏಕವಚನಕ್ಕೆ ಬರಿಯ ಧಾತು, ಬಹುವಚನಕ್ಕೆ ‘ಇಂ’, ಪ್ರಥಮಪುರುಷಕ್ಕೆ ‘ಗೆ’ ಎಂದು ರೂಪಭೇದಗಳಿದ್ದವು. ಇಷ್ಟು ಸಂಪತ್ತುಳ್ಳ ಭಾಷೆಯಲ್ಲಿ ಬರೆಯುವವರು ಯಾವ ರೂಪವನ್ನು ಎಲ್ಲಿ ಹೂಡಬೇಕೆಂಬುದನ್ನು ಯೋಚಿಸದೆ ಬರೆದರೆ, ಅದು ಭಾಷೆಯ ಕೊರತೆಯೆನಿಸದು.

೩

ವಿಧ್ಯರ್ಥವು ಶಾಸ್ತ್ರಲೇಖನದ ಅತ್ಯಂತ ಪುರಾತನವಾದ ವಾಗ್ರೂಪಗಳಲ್ಲಿ ಒಂದು. ಕ್ರಿ.ಪೂ. ಎರಡನೆಯ ಸಹಸ್ರಮಾನದ ಪೂರ್ವಾರ್ಧದ ಬ್ಯಾಬಿಲೋನಿಯದ ಮಣ್ಣಿನ ಹಲಗೆಗಳಲ್ಲಿ ಗಣಿತದ ಲೆಕ್ಕಗಳು ‘ನೀನು ಹೀಗೆ ಮಾಡು’ ಎಂಬ ಧಾಟಿಯಲ್ಲಿಯೇ ನಡೆಯುತ್ತವೆ. ಸುಮಾರು ಕ್ರಿ.ಪೂ. ೧೫೫೦ರಲ್ಲಿ ಆಹ್ಮೋಸನೆಂಬ ಲಿಪಿಕಾರನು ಹಿಂದಿನದೊಂದು ಪ್ರತಿಯಿಂದ ನಕಲು ಮಾಡಿದ, ಈಗ ರೈಂಡ್ ಪಪೈರಸ್ ಎಂದು ಪ್ರಸಿದ್ಧವಾಗಿರುವ ಈಜಿಪ್ಟಿನ ಸುರುಳಿಯಲ್ಲಿ ಎಂಬತ್ತಕ್ಕೂ ಹೆಚ್ಚು ಲೆಕ್ಕಗಳಿದ್ದು, ಅಲ್ಲಿಯೂ ಶಿಷ್ಯನಿಗೆ ನೇರವಾಗಿ ಹೇಳಿಕೊಡುವ ರೀತಿಯೇ ಕಾಣುತ್ತದೆ. ನಮ್ಮಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, ಎಂದರೆ ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿಯೂ, ೧೧೫೦ರ ಭಾಸ್ಕರಾಚಾರ್ಯನ ‘ಲೀಲಾವತಿ’ಯಲ್ಲಿಯೂ ಲೆಕ್ಕವನ್ನು ಒಡ್ಡಿದ ಮೇಲೆ ‘ಹೇಳು’ ಎಂದು ಕೇಳುವ ಸಂಪ್ರದಾಯವಿದೆ. ಆ ‘ಹೇಳು’ವಿನಲ್ಲಿ ದರ್ಪವಿಲ್ಲ. ಬಲ್ಲೆಯಾದರೆ ಉತ್ತರಿಸು ಎಂಬ ಸ್ನೇಹದ ಪಂಥವಿದೆ.

ಯೂಕ್ಲಿಡನ ‘ಮೂಲತತ್ತ್ವಗಳು’ ಗ್ರಂಥದಲ್ಲಿ ವಿಧಿಯು ಬೇರೊಂದು ರೂಪವನ್ನು ತಳೆದಿದೆ. ಅವನು ಓದುಗನಿಗೆ ‘ವೃತ್ತವನ್ನು ಎಳೆ’ ಎಂದು ಹೇಳುವುದಿಲ್ಲ. ಗ್ರೀಕ್ ಭಾಷೆಯಲ್ಲಿ ಪ್ರಥಮಪುರುಷದ ವಿಧ್ಯರ್ಥಕ್ಕೆ ಪೂರ್ಣಭೂತದ ರೂಪವೂ ಉಂಟು. ‘ಎಳೆಯಲ್ಪಟ್ಟು ಆಗಿರಲಿ’ ಎಂಬುದು ಅದರ ಭಾವ. ಕಂಪಾಸನ್ನು ಹಿಡಿದ ಕೈ ಯಾರದೆಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ. ಎಳೆಯುವ ಕೆಲಸವು ಮುಗಿದಿದೆಯೆಂದೇ ಇಟ್ಟುಕೊಂಡು ವಾದವು ಮುಂದುವರಿಯುತ್ತದೆ. ನಮ್ಮ ಗಣಿತಪಾಠಗಳ ‘ಕಖಗ ಒಂದು ತ್ರಿಭುಜವಾಗಿರಲಿ’ ಎಂಬ ವಾಕ್ಯವು ಆ ವಂಶದ್ದೇ.

ಗಣಿತಜ್ಞ ಬ್ರಯನ್ ರಾಟ್‌ಮನ್ ೧೯೮೮ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಗಣಿತದ ವಿಧಿಗಳನ್ನು ಎರಡು ಬಗೆಯಾಗಿ ವಿಂಗಡಿಸಿದ್ದಾರೆ. ‘ಪರಿಗಣಿಸಿ’, ‘ಸಾಧಿಸಿ’ ಎಂಬಂತಹವು ಬರೆಯುವವನನ್ನೂ ಓದುವವನನ್ನೂ ಸಮಾನವಾದ ಒಂದು ಲೋಕದೊಳಕ್ಕೆ ಕರೆದೊಯ್ಯುವ ವಿಧಿಗಳು; ‘ಕೂಡಿಸಿ’, ‘ಗುಣಿಸಿ’ ಎಂಬಂತಹವು ಆ ಲೋಕದೊಳಗೆ ನಿಂತು ಮಾಡಬೇಕಾದ ಕೆಲಸವನ್ನು ಮಾತ್ರ ಹೇಳುವ ವಿಧಿಗಳು. ಇಂಗ್ಲಿಷಿನಲ್ಲಿ ಈ ಅಂತರವನ್ನು ಅರ್ಥದಿಂದಲೇ ಊಹಿಸಿಕೊಳ್ಳಬೇಕು. ಕನ್ನಡದಲ್ಲಿಯಾದರೋ ಅದನ್ನು ತೋರಿಸಲು ಪ್ರತ್ಯಯಗಳೇ ಇವೆ: ‘ಎಂದಿಟ್ಟುಕೊಳ್ಳೋಣ’ ಎಂದರೆ ಜೊತೆಗೂಡಿದ್ದು, ‘ಗುಣಿಸಿರಿ’ ಎಂದರೆ ಒಪ್ಪಿಸಿದ್ದು. ನಮ್ಮ ಗಣಿತದ ಉಪಾಧ್ಯಾಯರು ಯಾವ ಸಿದ್ಧಾಂತದ ನೆರವೂ ಇಲ್ಲದೆ ಇದನ್ನು ಸರಿಯಾಗಿಯೇ ಬಳಸುತ್ತ ಬಂದಿದ್ದಾರೆ.

ಗಣಿತದಲ್ಲಿ ವಿಧ್ಯರ್ಥವು ಇಷ್ಟು ನಿರಪಾಯವಾಗಿರುವುದಕ್ಕೆ ಕಾರಣವಿದೆ. ವಿಧಿಯೂ ಅದರ ಪಾಲನೆಯೂ ಅಲ್ಲಿ ಒಂದೇ ಸ್ಥಳದಲ್ಲಿ ನಡೆಯುತ್ತವೆ. ಓದುಗನು ಹೇಳಿದಂತೆ ಮಾಡುತ್ತ ಹೋದರೆ ಫಲವು ಅವನ ಮುಂದಿನ ಕಾಗದದ ಮೇಲೆಯೇ ಬಂದು ನಿಲ್ಲುತ್ತದೆ. ಗ್ರಂಥಕರ್ತನು ತಾನು ಆ ಲೆಕ್ಕವನ್ನು ಮಾಡಿದ್ದನೋ ಇಲ್ಲವೋ, ಯಾವ ದಿನ ಮಾಡಿದನು, ಯಾರ ಸಮಕ್ಷಮದಲ್ಲಿ ಮಾಡಿದನು ಎಂಬುದರಿಂದ ಏನೂ ಬಾಧೆಯಿಲ್ಲ. ಸಾಕ್ಷಿಯ ಆವಶ್ಯಕತೆಯೇ ಇಲ್ಲದ ಕಡೆ ಸಾಕ್ಷಿಯ ಭಾಷೆಯೂ ಬೇಡ.

೪

ಕಾಗದವನ್ನು ಬಿಟ್ಟು ಮಣ್ಣು, ಮಳೆ, ಮರ, ಲೋಹಗಳ ಕಡೆಗೆ ತಿರುಗಿದೊಡನೆಯೇ ಈ ಸೌಖ್ಯವು ತಪ್ಪುತ್ತದೆ. ಇದಕ್ಕೆ ನಮ್ಮ ನಾಡಿನೊಡನೆ ನಿಕಟ ಸಂಬಂಧವುಳ್ಳ ಗ್ರಂಥವೊಂದನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಕೌಟಿಲ್ಯನ ‘ಅರ್ಥಶಾಸ್ತ್ರ’ದ ಓಲೆಪ್ರತಿಯನ್ನು ೧೯೦೫ರಲ್ಲಿ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಗುರುತಿಸಿ, ೧೯೦೯ರಲ್ಲಿ ಮೂಲವನ್ನೂ ೧೯೧೫ರಲ್ಲಿ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದವರು ಆರ್. ಶಾಮಶಾಸ್ತ್ರಿಗಳು. ಅದು ರಾಜನೀತಿಯ ಗ್ರಂಥವಾದರೂ, ಅದರ ಎರಡನೆಯ ಅಧಿಕರಣದಲ್ಲಿ ಗಣಿ, ಲೋಹ, ತೂಕ ಅಳತೆ, ಬೇಸಾಯಗಳನ್ನು ಕುರಿತ ಭಾಗಗಳು ಶುದ್ಧ ಶಾಸ್ತ್ರಲೇಖನವೇ. ಇಡೀ ಗ್ರಂಥದ ಪ್ರಧಾನ ಕ್ರಿಯಾರೂಪವು ಸಂಸ್ಕೃತದ ವಿಧಿಲಿಙ್: ಅಧ್ಯಕ್ಷನು ಹೀಗೆ ಮಾಡಬೇಕು, ಹೀಗೆ ಮಾಡಿಸಬೇಕು ಎಂಬುದು.

ಗ್ರಂಥವು ಬೆಳಕು ಕಂಡ ತರುವಾಯ ಬಹುಕಾಲ ಅದನ್ನು ಮೌರ್ಯ ಸಾಮ್ರಾಜ್ಯದ ಆಡಳಿತದ ವರ್ಣನೆಯೆಂದೇ ಓದಲಾಯಿತು. ‘ಮಾಡಬೇಕು’ ಎಂದಿದ್ದುದು ಪಠ್ಯಪುಸ್ತಕಗಳಲ್ಲಿ ‘ಮಾಡುತ್ತಿದ್ದರು’ ಎಂದಾಯಿತು. ೧೯೭೧ರಲ್ಲಿ ಥಾಮಸ್ ಟ್ರೌಟ್‌ಮನ್ ಅವರು ಪದಬಳಕೆಯ ಎಣಿಕೆಯಿಂದ ಗ್ರಂಥಕ್ಕೆ ಒಬ್ಬರಿಗಿಂತ ಹೆಚ್ಚು ಕರ್ತೃಗಳಿರಬೇಕೆಂದು ವಾದಿಸಿದರು. ೨೦೧೩ರ ತಮ್ಮ ಅನುವಾದದಲ್ಲಿ ಪ್ಯಾಟ್ರಿಕ್ ಆಲಿವೆಲ್ ಅವರು ಅದರ ರಚನೆಯನ್ನು ಮೌರ್ಯರ ತರುವಾಯದ ಕಾಲಕ್ಕೆ ಇಟ್ಟರು. ಕಾಲನಿರ್ಣಯದ ವಾದವು ಹೇಗೆಯೇ ತೀರ್ಮಾನವಾಗಲಿ, ವ್ಯಾಕರಣದ ಆಕ್ಷೇಪಣೆಯು ಅದಕ್ಕಿಂತ ಮೊದಲಿನದು. ಗ್ರಂಥವು ಚಂದ್ರಗುಪ್ತನ ಆಸ್ಥಾನದಲ್ಲಿಯೇ ಹುಟ್ಟಿತೆಂದು ಇಟ್ಟುಕೊಂಡರೂ, ವಿಧಿಲಿಙ್ ವೃತ್ತಾಂತವಾಗುವುದಿಲ್ಲ.

ಇದೇ ಅಧಿಕರಣದ ಮಳೆಯ ವಿಚಾರವನ್ನು ನೋಡಿದರೆ ಈ ಅಂತರವು ಎದ್ದು ಕಾಣುತ್ತದೆ. ಕೋಷ್ಠಾಗಾರದಲ್ಲಿ ಒಂದು ಅರತ್ನಿ, ಎಂದರೆ ಸುಮಾರು ಒಂದು ಮೊಳ, ಅಗಲದ ಬಾಯುಳ್ಳ ಪಾತ್ರೆಯನ್ನು ಮಳೆಯ ಅಳತೆಗಾಗಿ ಇರಿಸಬೇಕೆಂದು ಒಂದೆಡೆ ಹೇಳಿದೆ. ಅಲ್ಲಿಯ ಕ್ರಿಯಾಪದ ‘ಸ್ಥಾಪಯೇತ್’. ಸೀತಾಧ್ಯಕ್ಷನ ಪ್ರಕರಣದಲ್ಲಿ, ಒಣಭೂಮಿಯ ಪ್ರದೇಶಗಳ ಮಳೆಯ ಪ್ರಮಾಣವು ೧೬ ದ್ರೋಣ, ಜೌಗು ಪ್ರದೇಶಗಳದು ಅದರ ಒಂದೂವರೆಯಷ್ಟು, ಅವಂತಿಯದು ೨೩ ದ್ರೋಣ ಎಂದು ಅಂಕೆಗಳನ್ನು ಕೊಟ್ಟಿದೆ. ಅಲ್ಲಿ ವಿಧಿಲಿಙ್ ಇಲ್ಲ. ಇಷ್ಟಕ್ಕೆ ಇಷ್ಟು ಎಂಬ ಬರಿಯ ಹೇಳಿಕೆಯಿದೆ. ಜನಪ್ರಿಯ ಬರಹಗಳಲ್ಲಿ ಈ ಎರಡನ್ನೂ ಒಟ್ಟಿಗೆ ಬೆಸೆದು, ಆ ಕಾಲದಲ್ಲಿ ರಾಜ್ಯದ ಉದ್ದಗಲಕ್ಕೂ ಮಳೆಮಾಪಕಗಳಿದ್ದವೆಂದು ಬರೆಯುವುದುಂಟು. ಎಚ್ಚರದಿಂದ ಓದುವವನು ಎರಡಕ್ಕೂ ಒಂದೇ ಬೆಲೆಯನ್ನು ಕಟ್ಟಲಾರನು. ಪಾತ್ರೆಯ ವಿಧಿಯಿಂದ ತಿಳಿಯುವುದು, ಹಾಗೆ ಅಳೆಯುವ ಕಲ್ಪನೆಯು ಒಬ್ಬ ಶಾಸ್ತ್ರಕಾರನಿಗೆ ಇತ್ತೆಂಬುದಷ್ಟೇ. ಅವಂತಿಯ ೨೩ ದ್ರೋಣವಾದರೋ, ಸರಿಯಿರಲಿ ತಪ್ಪಿರಲಿ, ಸತ್ಯಾಸತ್ಯಕ್ಕೆ ಒಳಪಡುವ ಮಾತು. ಯಾರೋ ಎಲ್ಲಿಯೋ ಅಳೆದಿರಬಹುದೆಂಬ ಅನುಮಾನಕ್ಕೆ ಅದು ಎಡೆಕೊಡುತ್ತದೆ. ಆದರೂ ಅಳೆದವರು ಯಾರು, ಎಷ್ಟು ವರ್ಷ ಅಳೆದರು ಎಂಬುದನ್ನು ಗ್ರಂಥವು ಹೇಳುವುದಿಲ್ಲ.

ವಿಧಿಗೆ ಇನ್ನೂ ಒಂದು ಗುಣವಿದೆ: ಯಾರೂ ಪಾಲಿಸದಿದ್ದರೂ ಅದು ಗ್ರಂಥದಿಂದ ಗ್ರಂಥಕ್ಕೆ ಸುಖವಾಗಿ ಪ್ರಯಾಣ ಮಾಡಬಲ್ಲದು. ಆರನೆಯ ಶತಮಾನದ ವರಾಹಮಿಹಿರನ ‘ಬೃಹತ್ಸಂಹಿತೆ’ಯಲ್ಲಿ ಅಂತರ್ಜಲವನ್ನು ಪತ್ತೆಮಾಡುವ ದಕಾರ್ಗಲವೂ ವೃಕ್ಷಾಯುರ್ವೇದವೂ ಪ್ರತ್ಯೇಕ ಅಧ್ಯಾಯಗಳಾಗಿವೆ. ಬಿತ್ತುವ ಬೀಜವನ್ನು ಹತ್ತು ದಿನಗಳ ಕಾಲ ಹಾಲಿನಲ್ಲಿ ಸಂಸ್ಕರಿಸುವ ವಿಧಿಯು ಅಲ್ಲಿಯದು. ಸುಮಾರು ೧೦೨೫ರ ‘ಲೋಕೋಪಕಾರ’ದಲ್ಲಿ ಚಾವುಂಡರಾಯನು ಜಲಶೋಧನೆ, ವೃಕ್ಷಾಯುರ್ವೇದ, ಗಂಧಶಾಸ್ತ್ರ, ಸೂಪಶಾಸ್ತ್ರ, ವೈದ್ಯ ಮೊದಲಾದ ವಿಷಯಗಳನ್ನು ಕನ್ನಡದ ಓದುಗರಿಗಾಗಿ ಒಂದೆಡೆ ಸೇರಿಸಿದನು. ಸಂಸ್ಕೃತದಲ್ಲಿದ್ದ ಶಾಸ್ತ್ರವನ್ನು ದೇಶಭಾಷೆಗೆ ಇಳಿಸಿದ ಆತನ ಕಾರ್ಯವು ಪ್ರಶಂಸನೀಯವೇ. ಆದರೆ ಒಂದು ಉಪಚಾರವನ್ನು ಆತನು ತನ್ನ ತೋಟದಲ್ಲಿ ಕಂಡು ಬರೆದನೋ, ಪೂರ್ವಶಾಸ್ತ್ರದಿಂದ ಸಂಗ್ರಹಿಸಿದನೋ ಎಂಬುದನ್ನು ವಿಧಿವಾಕ್ಯವು ನಮಗೆ ಬಿಟ್ಟುಕೊಡುವುದಿಲ್ಲ. ಕಂಡದ್ದಕ್ಕೂ ಕೇಳಿದ್ದಕ್ಕೂ ಅಲ್ಲಿ ಒಂದೇ ಉಡುಗೆ. ನನ್ನ ಪರೀಕ್ಷಕರ ‘ಯಾರು?’ ಎಂಬ ಪ್ರಶ್ನೆಯು ನನಗೆ ಸರಿಯಾಗಿ ಅರ್ಥವಾದದ್ದು, ಈ ಎರಡು ಗ್ರಂಥಗಳನ್ನು ಜೊತೆಗಿಟ್ಟುಕೊಂಡು ಓದಿದ ಮೇಲೆಯೇ.

ಯೂರೋಪಿನಲ್ಲಿಯೂ ಸ್ಥಿತಿಯು ಬೇರೆಯಾಗಿರಲಿಲ್ಲ. ಅಡುಗೆಯ ಕ್ರಮಕ್ಕೆ ಇಂದು ನಾವೂ ಬಳಸುವ ‘ರೆಸಿಪಿ’ ಎಂಬ ಪದವು ಮೂಲತಃ ನಾಮಪದವೇ ಅಲ್ಲ. ಲ್ಯಾಟಿನ್ನಿನಲ್ಲಿ ‘ತೆಗೆದುಕೊ’ ಎಂಬ ಆಜ್ಞೆ. ವೈದ್ಯರ ಔಷಧಚೀಟಿಯ ತಲೆಯಲ್ಲಿ ಬರೆಯುವ, ಕಾಲಿಗೆ ಅಡ್ಡಗೆರೆಯೆಳೆದ ರೋಮನ್ ಅಕ್ಷರದ ಗುರುತು ಆ ಪದದ ಸಂಕ್ಷೇಪವೇ. ವೈದ್ಯರೂ ರಸವಾದಿಗಳೂ ಶತಮಾನಗಳ ಕಾಲ ಈ ‘ತೆಗೆದುಕೊ’ವಿನಿಂದ ಆರಂಭಿಸಿ ಬರೆದರು. ರಸವಾದಿಯ ವಿಧಿಯನ್ನು ಪಾಲಿಸಿದವನಿಗೆ ಚಿನ್ನವು ದೊರೆಯದೆ ಹೋದಾಗ, ತಪ್ಪು ವಿಧಿಯದಲ್ಲ, ಪಾಲಿಸಿದವನದು ಎಂದು ಹೇಳುವುದು ಸುಲಭವಾಗಿತ್ತು.

೫

ಈ ಸಂಪ್ರದಾಯಕ್ಕೆ ಇದಿರಾಗಿ ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಬೇರೊಂದು ಬಗೆಯ ಬರಹವು ತಲೆಯೆತ್ತಿತು. ವಾಯುರೇಚಕ ಯಂತ್ರದಿಂದ ನಡೆಸಿದ ೪೩ ಪ್ರಯೋಗಗಳನ್ನು ರಾಬರ್ಟ್ ಬಾಯ್ಲ್ ೧೬೬೦ರಲ್ಲಿ ಪ್ರಕಟಿಸಿದನು. ಹೀಗೆ ಮಾಡು, ಹೀಗಾಗುತ್ತದೆ ಎಂದು ಚುಟುಕಾಗಿ ಹೇಳಿ ಮುಗಿಸುವುದಕ್ಕೆ ಬದಲಾಗಿ, ನಾವು ಹೀಗೆ ಮಾಡಿದೆವು, ಯಂತ್ರವು ಇಲ್ಲಿ ಸೋರಿತು, ಈ ಸಲ ವಿಫಲವಾಯಿತು ಎಂದು ಸವಿಸ್ತಾರವಾಗಿ ನಿರೂಪಿಸಿದನು. ಸ್ಥಳದಲ್ಲಿ ಇಲ್ಲದ ಓದುಗನೂ ಪಕ್ಕದಲ್ಲಿ ನಿಂತು ನೋಡಿದಂತಾಗಬೇಕೆಂಬುದು ಆ ವಿಸ್ತಾರದ ಗುರಿಯಾಗಿತ್ತೆಂದು ಸ್ಟೀವನ್ ಶೇಪಿನ್ ೧೯೮೪ರ ಲೇಖನವೊಂದರಲ್ಲಿ ತೋರಿಸಿದ್ದಾರೆ. ಅದೇ ೧೬೬೦ರಲ್ಲಿ ಸ್ಥಾಪಿತವಾದ ರಾಯಲ್ ಸೊಸೈಟಿಯು ‘ಯಾರ ಮಾತನ್ನೂ ಆಧರಿಸಿ ಅಲ್ಲ’ ಎಂಬರ್ಥದ ಲ್ಯಾಟಿನ್ ಧ್ಯೇಯವಾಕ್ಯವನ್ನು ಇರಿಸಿಕೊಂಡಿತು. ಯಾರ ಮಾತನ್ನೂ ನಂಬದವರ ಸಭೆಗೆ ಬಾಯ್ಲ್ ತನ್ನ ಮಾತನ್ನೇ ಸಾಕ್ಷಿಯಾಗಿ ಒಪ್ಪಿಸಬೇಕಾಯಿತು. ತತ್ಕಾರಣವೇ ಆತನ ವಾಕ್ಯಗಳಲ್ಲಿ ದಿನ, ಪಾತ್ರೆ, ಸೋರಿಕೆ, ಸೋಲು ಎಲ್ಲಕ್ಕೂ ಎಡೆಯಿದೆ.

ವೃತ್ತಾಂತವನ್ನು ಹೊಗಳಿ ವಿಧಿಯನ್ನು ತೆಗಳುವುದು ನನ್ನ ಅಭಿಪ್ರಾಯವಲ್ಲ. ವೃತ್ತಾಂತವೂ ವಂಚಿಸಬಲ್ಲದು. ವಿಜ್ಞಾನಿ ಪೀಟರ್ ಮೆಡವಾರ್ ೧೯೬೩ರ ಪ್ರಸಾರಭಾಷಣವೊಂದರಲ್ಲಿ, ವೈಜ್ಞಾನಿಕ ಪ್ರಬಂಧವೇ ಒಂದು ಮೋಸವೇ ಎಂದು ಕೇಳಿದರು. ಆಲೋಚನೆಯು ನಿಜವಾಗಿ ನಡೆದ ಕ್ರಮವನ್ನು ಮುಚ್ಚಿ, ಅಚ್ಚುಕಟ್ಟಾದ ಬೇರೊಂದು ಕ್ರಮವನ್ನು ಪ್ರಬಂಧವು ತೋರಿಸುತ್ತದೆಂಬುದು ಅವರ ಆಕ್ಷೇಪಣೆ. ಬರಿಯ ವೃತ್ತಾಂತಕ್ಕೆ ಇನ್ನೊಂದು ಕೊರತೆಯೂ ಉಂಟು: ನಾನು ಕಂಡೆನು ಎಂದಷ್ಟೇ ಹೇಳಿ ನಿಲ್ಲಿಸಿದವನು, ನೀವೂ ಮಾಡಿ ನೋಡಿ ಎಂಬ ಬಾಗಿಲನ್ನು ತೆರೆದಿರುವುದಿಲ್ಲ. ಬೇರೊಬ್ಬರು ಮಾಡಿ ನೋಡಲು ಬಾರದ ಪ್ರಯೋಗವು ಪವಾಡದ ಕಥೆಗೆ ಸಮೀಪವಾದುದು. ಆ ಬಾಗಿಲನ್ನು ತೆರೆಯುವುದು ವಿಧ್ಯರ್ಥವೇ. ಓದುಗನನ್ನು ಕೇಳುವವನ ಸ್ಥಾನದಿಂದ ಎಬ್ಬಿಸಿ ಮಾಡುವವನ ಸ್ಥಾನದಲ್ಲಿ ಕೂರಿಸುವ ಶಕ್ತಿಯು ಬೇರೆ ಯಾವ ಕ್ರಿಯಾರೂಪಕ್ಕೂ ಇಲ್ಲ.

ಎರಡನ್ನೂ ಒಂದೆಡೆ ಇಟ್ಟಿರುವ ಪ್ರಕಟಣೆಯೊಂದಿದೆ. ೧೯೨೧ರಿಂದ ಅಮೆರಿಕದಲ್ಲಿ ಹೊರಬರುತ್ತಿರುವ ‘ಆರ್ಗ್ಯಾನಿಕ್ ಸಿಂಥಿಸಿಸ್’ ಎಂಬ ಸಂಪುಟಗಳಲ್ಲಿ ಸಾವಯವ ರಾಸಾಯನಿಕಗಳನ್ನು ತಯಾರಿಸುವ ಕ್ರಮಗಳನ್ನು ಅಚ್ಚುಮಾಡುತ್ತಾರೆ. ಒಬ್ಬರು ಕಳುಹಿಸಿದ ಕ್ರಮವನ್ನು ಸಂಪಾದಕ ಮಂಡಲಿಯವರೊಬ್ಬರ ಪ್ರಯೋಗಶಾಲೆಯಲ್ಲಿ ಮತ್ತೊಮ್ಮೆ ಮಾಡಿ ನೋಡಿದ ಹೊರತು ಅದನ್ನು ಪ್ರಕಟಿಸುವುದಿಲ್ಲ. ಕಳುಹಿಸಿದವರು ಯಾರು, ಪರೀಕ್ಷಿಸಿದವರು ಯಾರು ಎಂಬ ಹೆಸರುಗಳನ್ನೂ ಲೇಖನದೊಡನೆಯೇ ಮುದ್ರಿಸುತ್ತಾರೆ. ಅಲ್ಲಿಯ ವಾಕ್ಯಗಳು ಹೆಚ್ಚಾಗಿ ಕರ್ಮಣಿಪ್ರಯೋಗದವು. ಆದರೂ ‘ಯಾರು?’ ಎಂಬ ಪ್ರಶ್ನೆಗೆ ಉತ್ತರವು ಪುಟದ ಮೇಲೆಯೇ ಇರುವುದರಿಂದ ಯಾವ ಅಪಾಯವೂ ಆಗುವುದಿಲ್ಲ. ಅಲ್ಲಿ ಒಂದೇ ಬರಹವು ಮಾಡಿದವರ ದಾಖಲೆಯೂ ಆಗಿದೆ, ಮಾಡುವವರಿಗೆ ಮಾರ್ಗದರ್ಶಿಯೂ ಆಗಿದೆ.

೬

ಇನ್ನು ಕನ್ನಡದ ಶಾಸ್ತ್ರಲೇಖನದ ಇಂದಿನ ಸ್ಥಿತಿಗೆ ಬರೋಣ. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ೧೯೧೮ರಲ್ಲಿ ‘ವಿಜ್ಞಾನ’ ಮಾಸಪತ್ರಿಕೆಯನ್ನು ಆರಂಭಿಸಿದ ಕಾಲದಿಂದ ಇಂದಿನವರೆಗೆ ನಮ್ಮ ಲೇಖಕರು ಪಾರಿಭಾಷಿಕ ಪದಗಳಿಗಾಗಿ ಪಟ್ಟ ಶ್ರಮವು ಅಪಾರ. ಕ್ರಿಯಾಪದದ ವಿಚಾರದಲ್ಲಿ ಅಷ್ಟು ಯೋಚನೆಯು ನಡೆದಂತೆ ತೋರುವುದಿಲ್ಲ. ಇಂಗ್ಲಿಷಿನ ಕರ್ಮಣಿಪ್ರಯೋಗದ ಛಾಯೆಯಲ್ಲಿ ‘ಕರಗಿಸಲಾಯಿತು’, ‘ತೂಗಲಾಯಿತು’ ಎಂಬ ರೂಪಗಳು ನಮ್ಮ ಪ್ರಬಂಧಗಳನ್ನು ತುಂಬಿಕೊಂಡಿವೆ. ‘ಕರಗಿಸಲಾಯಿತು’ ಎಂಬುದರಲ್ಲಿ ಕಾರ್ಯವು ನಡೆಯಿತೆಂಬ ಹೇಳಿಕೆಯುಂಟು. ಅಷ್ಟರಮಟ್ಟಿಗೆ ಅದು ವಿಧಿಗಿಂತ ಮೇಲು. ಆದರೆ ಸಾಕ್ಷಿಯು ತೆರೆಯ ಮರೆಗೆ ಸರಿದಿದ್ದಾನೆ. ವಿದ್ಯಾರ್ಥಿಯ ದಾಖಲೆಯಲ್ಲಿ ಈ ರೂಪವನ್ನು ಕಡ್ಡಾಯ ಮಾಡುವುದರಿಂದ, ತಾನು ಮಾಡಿದ್ದಕ್ಕೆ ತಾನೇ ಹೊಣೆಯೆಂಬ ಪ್ರಥಮ ಪಾಠವನ್ನೇ ನಾವು ಅವನಿಗೆ ಕಲಿಸದೆ ಬಿಡುತ್ತೇವೆ.

ಉತ್ತಮಪುರುಷದಲ್ಲಿ ಬರೆದರೆ ಶಾಸ್ತ್ರದ ಗಾಂಭೀರ್ಯಕ್ಕೆ ಕುಂದು ಬರುತ್ತದೆಂಬ ಆಕ್ಷೇಪಣೆಗೆ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಸಾಕಷ್ಟು ಉತ್ತರವಾಗಿದೆ. ವಿದ್ಯಾರ್ಥಿಗಳೊಡನೆ ನಡೆಸಿದ ಸಸ್ಯಶಾಸ್ತ್ರದ ಪ್ರವಾಸವನ್ನು ಅವರು ತಾವು ಕಂಡಂತೆ, ತಾವು ನಡೆದಂತೆ ನಿರೂಪಿಸಿದ್ದಾರೆ. ಗಿಡಗಳ ಲಕ್ಷಣನಿರೂಪಣೆಯು ಅದರಿಂದ ಸಡಿಲವಾಗಿಲ್ಲ. ೧೯೭೮ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದ ಆ ಗ್ರಂಥವನ್ನು ನಾವು ಸಾಹಿತ್ಯವೆಂದು ಮೆಚ್ಚಿಕೊಂಡೆವೇ ಹೊರತು, ಶಾಸ್ತ್ರಬರಹಕ್ಕೆ ಅದರಿಂದ ಕಲಿಯತಕ್ಕದ್ದಿದೆಯೆಂದು ಎಣಿಸಲಿಲ್ಲ.

ಓದುಗನಿಗೆ ಆಜ್ಞೆಮಾಡುವುದು ಅವಿನಯವೆಂಬುದು ಮತ್ತೊಂದು ಆಕ್ಷೇಪಣೆ. ಈ ಸಂಕೋಚದಿಂದಲೇ ಕೆಲವರು ಕೈಪಿಡಿಗಳಲ್ಲಿಯೂ ‘ಮಾಡತಕ್ಕದ್ದು’, ‘ಮಾಡಲ್ಪಡಬೇಕು’ ಎಂದು ಬರೆಯುತ್ತಾರೆ. ವಾಸ್ತವವಾಗಿ ‘ಮಾಡತಕ್ಕದ್ದು’ ಎಂಬುದರಲ್ಲಿ ಸರ್ಕಾರಿ ಸುತ್ತೋಲೆಯ ಬಿಗುವಿದೆ. ‘ಮಾಡಿರಿ’ ಎಂಬುದರಲ್ಲಿ, ಮನೆಗೆ ಬಂದವರನ್ನು ಕುಳಿತುಕೊಳ್ಳಿರಿ ಎಂದು ಉಪಚರಿಸುವಾಗಿನ ಆದರವೇ ಇದೆ. ವಿನಯದ ಹೆಸರಿನಲ್ಲಿ ನೇರವಾದ ವಿಧಿಯನ್ನು ಬಿಟ್ಟುಕೊಟ್ಟರೆ, ಬೆಂಕಿ, ಆಮ್ಲ, ವಿದ್ಯುತ್ತುಗಳ ಬಳಿ ನಿಂತು ಕೈಪಿಡಿಯನ್ನು ನೋಡುತ್ತಿರುವ ವಿದ್ಯಾರ್ಥಿಗೆ ಅದರಿಂದ ತೊಂದರೆಯೇ. ನೀರಿಗೆ ಆಮ್ಲವನ್ನು ಸುರಿಯಿರಿ, ಆಮ್ಲಕ್ಕೆ ನೀರನ್ನು ಸುರಿಯಬೇಡಿರಿ ಎಂಬ ಎಚ್ಚರಿಕೆಯನ್ನು ಕರ್ಮಣಿಪ್ರಯೋಗದಲ್ಲಿ ಸುತ್ತಿಕೊಡುವವನು ವಿನಯಶೀಲನೆನಿಸಲಾರನು.

ನನ್ನ ಸೂಚನೆಗಳನ್ನು ಇಷ್ಟರಲ್ಲಿ ಸಂಗ್ರಹಿಸಬಹುದು. ಓದುಗನು ಮಾಡಬೇಕಾದ ಕಾರ್ಯಕ್ಕೆ ‘ಇರಿ’ ಪ್ರತ್ಯಯವುಳ್ಳ ಪೂರ್ಣರೂಪವನ್ನೇ ಬಳಸತಕ್ಕುದು. ‘ಕರಗಿಸಿ’ ಎಂದು ಮೊಟಕು ಮಾಡಿದರೆ ಸಂದೇಹಕ್ಕೆ ಎಡೆಯಾಗುತ್ತದೆ. ಊಹೆಗೂ ವಾದಕ್ಕೂ ‘ಇರಲಿ’, ‘ಇಟ್ಟುಕೊಳ್ಳೋಣ’ ಎಂಬ ರೂಪಗಳು ಸಾಲುತ್ತವೆ. ಲೇಖಕನು ತಾನೇ ಮಾಡಿದುದಕ್ಕೆ ‘ಮಾಡಿದೆನು’, ‘ಮಾಡಿದೆವು’ ಎಂಬ ಪೂರ್ಣಕ್ರಿಯಾಪದವಿರಬೇಕು. ವಾಕ್ಯವು ‘ಸೋಸಿ’ ಎಂಬಲ್ಲಿಗೆ ನಿಲ್ಲಬಾರದು. ಪರರ ಗ್ರಂಥದಿಂದ ತೆಗೆದ ವಿಧಿಯನ್ನು ಉದ್ಧರಿಸುವಾಗ, ಅದನ್ನು ತಾನು ಮಾಡಿ ನೋಡಿದ್ದುಂಟೋ ಇಲ್ಲವೋ ಎಂಬುದನ್ನು ಒಂದು ಮಾತಿನಲ್ಲಾದರೂ ಹೇಳಬೇಕು. ಚಾವುಂಡರಾಯನು ಆ ಒಂದು ಮಾತನ್ನು ಬರೆದಿದ್ದರೆ ನಮಗೆ ಎಷ್ಟು ಉಪಕಾರವಾಗುತ್ತಿತ್ತೆಂಬುದನ್ನು ಇತಿಹಾಸದ ವಿದ್ಯಾರ್ಥಿಗಳು ಬಲ್ಲರು. ಅವರೂ ತಮ್ಮ ಪಾಲಿಗೆ, ಹಳೆಯ ಶಾಸ್ತ್ರಗ್ರಂಥದಿಂದ ಟಿಪ್ಪಣಿ ಮಾಡಿಕೊಳ್ಳುವಾಗ ಮೂಲದ ಕ್ರಿಯಾರೂಪವನ್ನು ಟಿಪ್ಪಣಿಯಲ್ಲಿ ಉಳಿಸಿಕೊಳ್ಳುವುದು ಒಳ್ಳೆಯದು. ‘ಇರಿ’ ಎಂಬುದು ‘ಇದ್ದಿತು’ ಆಗುವುದು ಸಾಮಾನ್ಯವಾಗಿ ಟಿಪ್ಪಣಿಯ ಚೀಟಿಯಲ್ಲಿಯೇ.

ಕೈಪಿಡಿಯನ್ನು ಹಿಂದಿರುಗಿಸುವಾಗ, ‘ಕರಗಿಸಿ’ ಎಂದಿದ್ದ ಕಡೆಗಳಲ್ಲೆಲ್ಲ ‘ಕರಗಿಸಿರಿ’ ಎಂದು ತಿದ್ದಿದ್ದೆನು. ಸಹೋದ್ಯೋಗಿಗಳು ನಗುತ್ತ, ಒಂದು ‘ರಿ’ಗಾಗಿ ಇಷ್ಟು ದಿನ ಬೇಕಾಯಿತೇ ಎಂದರು. ವಿದ್ಯಾರ್ಥಿಯ ದಾಖಲೆಯ ಪುಸ್ತಕದಲ್ಲಿ ನಾನು ಏನನ್ನೂ ತಿದ್ದಲಿಲ್ಲ. ಆ ಸಾಲಿನ ಅಂಚಿನಲ್ಲಿ ಸೀಸದ ಕಡ್ಡಿಯಿಂದ ‘ಯಾರು?’ ಎಂದು ಮಾತ್ರ ಬರೆದೆನು. ಮುಂದಿನ ವಾರ ಆ ಹುಡುಗನು ಪುಸ್ತಕವನ್ನು ಹಿಡಿದು ನಮ್ಮ ವಿಭಾಗದ ಬಾಗಿಲಿಗೆ ಬಂದು, ‘ನಾನೇ ಮಾಡಿದ್ದು, ಸಾರ್, ಎರಡನೆಯ ಸಲ ಸೋಸುವಾಗ ಕಾಗದ ಹರಿಯಿತು, ಅದನ್ನು ಬರೆಯಬಹುದೇ?’ ಎಂದು ಕೇಳಿದನು. ಬರೆಯಪ್ಪ ಎಂದೆನು.